ಅಪ್ಪಯ್ಯನ ಕೆಳಗಿನ ಹಲ್ಲಿನ ಸೆಟ್ ನಿಲ್ತಾನೇ ಇಲ್ಲ. 71ರಲ್ಲಿ ಇಂಪ್ಲಾಂಟ್ ಮಾಡಿಸಬಹುದಾ?

ಶಿರಸಿ_ಮಗಳು · ಜನವರಿ 11
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯಂಗೆ 71 ವರ್ಷ. ಊರು ಶಿರಸಿ ಹತ್ತಿರ, ನಾನಿರೋದು ಬೆಂಗಳೂರಲ್ಲಿ. ಎರಡು ವರ್ಷದ ಹಿಂದೆ ಉಳಿದಿದ್ದ ಏಳೆಂಟು ಹಲ್ಲೂ ಅಲ್ಲಾಡ್ತಿವೆ ಅಂತ ತೆಗೆಸಿ, ಮೇಲೆ ಕೆಳಗೆ ಪೂರ್ತಿ ಸೆಟ್ ಕಟ್ಟಿಸಿದ್ವಿ. ಮೇಲಿನದು ಪರವಾಗಿಲ್ಲ. ಕೆಳಗಿನದು ಮೊದಲ ದಿನದಿಂದ ಕಾಟ. ಎಡಗಡೆ ಅಗಿದ್ರೆ ಬಲಗಡೆ ಏಳುತ್ತೆ, ನಾಲಿಗೆ ಬುಡದಲ್ಲಿ ಒತ್ತಿ ಹುಣ್ಣಾಗುತ್ತೆ. ಮಾಡಿಕೊಟ್ಟವರ ಹತ್ತಿರ ಆರು ಸಲ ಹೋಗಿ ಉಜ್ಜಿಸಿಕೊಂಡು ಬಂದಿದಾರೆ. ಈಗ ಊಟಕ್ಕೆ ಕೂರುವಾಗ ಅದನ್ನ ತೆಗೆದು ಅಂಗಿ ಜೇಬಿಗೆ ಹಾಕ್ಕೊಂಡು, ಅನ್ನಕ್ಕೆ ತಂಬುಳಿ ಕಲಸಿ ನುಂಗಿ ಏಳ್ತಾರೆ.

ಊಟದ ಮಾತು ಹಾಗಿರಲಿ. ಅಪ್ಪಯ್ಯ ನಲವತ್ತು ವರ್ಷದಿಂದ ತಾಳಮದ್ದಲೆಯಲ್ಲಿ ಅರ್ಥ ಹೇಳಿಕೊಂಡು ಬಂದವರು. ದೊಡ್ಡ ಹೆಸರೇನಿಲ್ಲ, ಸುತ್ತಮುತ್ತಲ ಊರಿನ ಕೂಟಗಳಲ್ಲಿ. ಹೋದ ಮಳೆಗಾಲ ಕೃಷ್ಣನ ಅರ್ಥ ಹೇಳ್ತಾ ಇದ್ದಾಗ ಸೆಟ್ಟು ಎದ್ದು ಮಾತು ಅಲ್ಲೇ ನಿಂತುಹೋಯ್ತು. ಎದುರಿಗಿದ್ದ ಅರ್ಥಧಾರಿ ಮಾತನ್ನ ತಾನೇ ಎತ್ತಿಕೊಂಡು ಸಂಭಾಳಿಸಿದ್ರಂತೆ. ಅವತ್ತಿಂದ ಯಾರು ಕರೆದ್ರೂ "ಗಂಟಲು ಸರಿ ಇಲ್ಲ" ಅಂತಾರೆ. ಗಂಟಲಿಗೆ ಏನೂ ಆಗಿಲ್ಲ, ನನಗೆ ಗೊತ್ತು.

ಇಲ್ಲಿ ಒಂದು ಕ್ಲಿನಿಕ್ಕಲ್ಲಿ ವಿಚಾರಿಸಿದೆ. ಎರಡೂ ದವಡೆಗೆ ಇಂಪ್ಲಾಂಟ್, ಅಂದ್ರೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಫಿಕ್ಸ್ ಹಲ್ಲು, ಒಟ್ಟು ಆರೂವರೆ ಲಕ್ಷ, ಈ ವಾರವೇ ಬುಕ್ ಮಾಡಿದ್ರೆ ರಿಯಾಯಿತಿ ಅಂದ್ರು. ಅಪ್ಪಯ್ಯ ಫೋನಲ್ಲಿ ಕೇಳಿ "ನನ್ನ ಬಾಯಿಗೆ ಅಷ್ಟೆಲ್ಲ ಖರ್ಚು ಬೇಡ ಕೂಸೇ" ಅಂದ್ರು. ಅವರಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಎಲೆ ಅಡಿಕೆ ಅಭ್ಯಾಸವೂ ಇದೆ, ಈಗ ಕುಟ್ಟಿ ಹಾಕ್ಕೊಳ್ತಾರೆ. ಈ ವಯಸ್ಸಲ್ಲಿ ಮಾಡಿಸಿಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಹಳೇಬೀಡು_ಹರಿ · ಜನವರಿ 11
ಬಾಯಿ ನೋಡೋಕೆ ಮುಂಚೆ ರೇಟು ಹೇಳಿ, ಅದಕ್ಕೊಂದು ವಾರದ ಗಡುವು ಹಾಕೋರನ್ನ ನಂಬಬೇಡಿ. ಇನ್ನೆರಡು ಕಡೆ ಕೇಳಿ.

ಅರವತ್ತಾರರ_ಮೇಷ್ಟ್ರು · ಜನವರಿ 11
ನನಗೂ ಎರಡೂ ಕಡೆ ಸೆಟ್ಟೇ, ಒಂಬತ್ತು ವರ್ಷ ಆಯ್ತು. ಮೊದಲ ನಾಲ್ಕು ತಿಂಗಳು ನಿಮ್ಮ ತಂದೆ ಪಟ್ಟ ಪಾಡೇ ನನ್ನದು. ದಿನಾ ಬೆಳಿಗ್ಗೆ ಪೇಪರ್ ಗಟ್ಟಿಯಾಗಿ ಓದಿ ಓದಿ ನಾಲಿಗೆಗೆ ಪಾಠ ಮಾಡಿಸಿದೆ. ಒಂದೇ ಕಡೆ ಅಗಿಯದೆ, ಸಣ್ಣ ತುತ್ತು ಮಾಡಿ ಎರಡೂ ಕಡೆ ಸಮ ಇಟ್ಟು ಅಗಿಯೋದು ಕಲಿತೆ. ಈಗ ಕೋಡುಬಳೆ ತಿಂತೀನಿ. ಅಭ್ಯಾಸದಿಂದ ಆಗೋ ಕೆಲಸಕ್ಕೆ ಮೂಳೆಗೆ ಸ್ಕ್ರೂ ಯಾಕೆ ಹೊಡೆಸಬೇಕು?

ಶಿರಸಿ_ಮಗಳು · ಜನವರಿ 11
ಮೇಷ್ಟ್ರೇ, ಎರಡು ವರ್ಷ ಅಭ್ಯಾಸ ಮಾಡಿದಾರೆ. ಕೊಟ್ಟಿಗೆಯಲ್ಲಿ ಒಬ್ಬರೇ ನಿಂತು ಅರ್ಥ ಹೇಳಿ ನೋಡ್ತಾರೆ ಅಂತ ಆಯಿ ಹೇಳಿದ್ಲು. ಪ್ರಯತ್ನ ಸಾಲದೆ ಹೀಗಾಯ್ತು ಅಂತ ದಯವಿಟ್ಟು ಅನ್ನಬೇಡಿ.

ಅರವತ್ತಾರರ_ಮೇಷ್ಟ್ರು · ಜನವರಿ 11
ಹಾಗಂದಿದ್ದಲ್ಲಮ್ಮ. ನೋವಾಗಿದ್ರೆ ಕ್ಷಮಿಸು.

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 12
ನಾನು ಪ್ರಾಸ್ಥೊಡಾಂಟಿಸ್ಟ್, ಹಲ್ಲು ಕಟ್ಟೋದೇ ನನ್ನ ಕೆಲಸ. ಬಾಯಿ ನೋಡದೆ ಇದನ್ನೇ ಮಾಡಿಸಿ ಅನ್ನೋಕಾಗಲ್ಲ. ಆದ್ರೆ ನಿಮ್ಮ ಒಂದು ವಾಕ್ಯದಲ್ಲಿ ಅರ್ಧ ಉತ್ತರ ಇದೆ: ಮೇಲಿನದು ಪರವಾಗಿಲ್ಲ, ಕೆಳಗಿನದು ನಿಲ್ಲಲ್ಲ. ನನ್ನ ಹತ್ತಿರ ಬರೋ ಹಿರಿಯರಲ್ಲಿ ಹೆಚ್ಚಿನವರು ಇದೇ ಮಾತು ಹೇಳ್ತಾರೆ.

ಮೇಲಿನ ಸೆಟ್ಟು ಅಂಗುಳನ್ನೆಲ್ಲ ಮುಚ್ಚುತ್ತೆ. ಎಂಜಲಿನ ತೆಳು ಪದರದ ಮೇಲೆ, ಒದ್ದೆ ಗಾಜಿಗೆ ಗಾಜು ಅಂಟಿದ ಹಾಗೆ ಕಚ್ಚಿಕೊಂಡಿರುತ್ತೆ. ಕೆಳಗೆ ಅಂಗುಳಿಲ್ಲ, ಕುದುರೆ ಲಾಳದಂಥ ಕಿರಿದಾದ ಪಟ್ಟಿ ಅಷ್ಟೇ. ಒಳಗಡೆಯಿಂದ ನಾಲಿಗೆ, ಹೊರಗಡೆಯಿಂದ ತುಟಿ ಕೆನ್ನೆ ಅದನ್ನ ತಳ್ತಾನೇ ಇರ್ತವೆ. ಸಾಲದ್ದಕ್ಕೆ ಹಲ್ಲು ತೆಗೆಸಿದ ಮೇಲೆ ದವಡೆ ಮೂಳೆ ಸವೆಯುತ್ತೆ. ಸೆಟ್ಟು ಹಾಕಿದವರಲ್ಲಿ ಕೆಳ ದವಡೆಯ ದಿಬ್ಬ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತೆ ಅಂತ 1972ರಲ್ಲೇ ದೀರ್ಘ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಮೇಷ್ಟ್ರಿಗೆ ಮೂಳೆ ಚೆನ್ನಾಗಿ ಉಳಿದಿರಬೇಕು, ಅದಕ್ಕೇ ಅವರ ಅಭ್ಯಾಸ ಫಲ ಕೊಟ್ಟಿದೆ.

ಈಗಿನ ಸೆಟ್ಟಿಗೂ ಆರೂವರೆ ಲಕ್ಷಕ್ಕೂ ನಡುವೆ ಇನ್ನೊಂದು ದಾರಿ ಇದೆ, ಅದನ್ನ ನಿಮಗೆ ಯಾರೂ ಹೇಳಿಲ್ಲ. ಕೆಳ ದವಡೆಯ ಮುಂಭಾಗ, ಕೋರೆಹಲ್ಲು ಇದ್ದ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ ಇಂಪ್ಲಾಂಟ್. ಅವುಗಳ ತಲೆ ಮೇಲೆ ಗುಂಡಿ, ಸೆಟ್ಟಿನ ಒಳಗೆ ಅದಕ್ಕೆ ಹೊಂದೋ ಟೋಪಿ. ಟಿಚ್ ಬಟನ್ ಥರ ಟಕ್ ಅಂತ ಕೂರುತ್ತೆ. ರಾತ್ರಿ ಎಳೆದು ತೆಗೆದು ತೊಳೀಬಹುದು. ಇದಕ್ಕೆ ಓವರ್‌ಡೆಂಚರ್ ಅಂತೀವಿ. ಹಲ್ಲೇ ಇಲ್ಲದ ಕೆಳ ದವಡೆಗೆ ಮೊದಲ ಆಯ್ಕೆ ಇದಾಗಬೇಕು ಅಂತ 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದಿದ್ರು. ಇಷ್ಟು ವರ್ಷ ಆದ್ಮೇಲೂ ನಮ್ಮಲ್ಲಿ ಇದನ್ನ ಬಾಯಿಬಿಟ್ಟು ಹೇಳೋರು ಕಡಿಮೆ. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ.

ವಯಸ್ಸು 71 ಅನ್ನೋದು ಅಡ್ಡಿ ಅಲ್ಲ. ಶುಗರ್ ಎಷ್ಟಿದೆ, ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ ಹೇಳಿ. ಅಡಿಕೆ ಹಾಕೋರು ಅಂದ್ರಲ್ಲ, ಬಾಯಿ ಎಷ್ಟು ತೆಗೀತಾರೆ? ಅವರದೇ ಮೂರು ಬೆರಳು ನೆಟ್ಟಗೆ ನಿಲ್ಲಿಸಿದ್ರೆ ಬಾಯೊಳಗೆ ಹೋಗುತ್ತಾ ನೋಡಿ.

ರೊಟ್ಟಿ_ಬುತ್ತಿ · ಜನವರಿ 12
ನಮ್ಮವ್ವಗ 68 ಇದ್ದಾಗ ಇದ ಹಾಕ್ಸೇವ್ರಿ, ಈಗ ಐದು ವರ್ಷ ಆತು. ಮೊದ್ಲ ರೊಟ್ಟಿ ಹಾಲಿನ್ಯಾಗ ನೆನಸಿ ತಿಂತಿದ್ಲು, ಈಗ ಖಡಕ್ ರೊಟ್ಟಿ ಮುರದು ತಿಂತಾಳ. ಹಾಕೋ ದಿನ ಭಾಳ ಅಂಜಿದ್ಲು. ಮುಗದ ಮ್ಯಾಲೆ "ಹಲ್ಲು ಕೀಳಿಸಿದ್ದಕ್ಕಿಂತ ಕಡಿಮಿ ನೋವು" ಅಂದ್ಲು. ಒಂದ ಮಾತು ನೆನಪಿಡ್ರಿ. ಟೊಪಗಿ ಒಳಗ ಇರೋ ನೈಲಾನ್ ಸವೀತದ, ವರ್ಷಕ್ಕೊಮ್ಮೆ ಬದಲಿ ಮಾಡಸ್ಬೇಕು. ಇದನ್ನ ನಮಗ ಯಾರೂ ಮೊದ್ಲ ಹೇಳಿರಲಿಲ್ಲ.

ಜಯನಗರ_ಜಾನಕಿ · ಜನವರಿ 12
ನಾನು ಇನ್ನೊಂದು ಪಕ್ಷ. 63ರಲ್ಲಿ ಕೆಳಗೆ ನಾಲ್ಕು ಇಂಪ್ಲಾಂಟ್ ಹಾಕಿಸಿ ಪೂರ್ತಿ ಫಿಕ್ಸ್ ಮಾಡಿಸಿಕೊಂಡೆ, ಆಲ್ ಆನ್ ಫೋರ್ ಅಂತಾರಲ್ಲ ಅದು. ಹಿಂದಿನ ಎರಡನ್ನ ಓರೆಯಾಗಿ ಕೂರಿಸ್ತಾರೆ, ದವಡೆಯೊಳಗಿನ ನರದ ತಂಟೆಗೆ ಹೋಗದೆ ಇದ್ದ ಮೂಳೆಯಲ್ಲೇ ಕೆಲಸ ಮುಗಿಯುತ್ತೆ. ಎರಡೂಮುಕ್ಕಾಲು ಲಕ್ಷ ಆಯ್ತು. ದುಬಾರಿ, ಒಪ್ತೀನಿ. ಆದ್ರೆ ರಾತ್ರಿ ಹಲ್ಲು ತೆಗೆದು ಲೋಟಕ್ಕೆ ಹಾಕಿ ಗುಳಿಬಿದ್ದ ಮುಖದಲ್ಲಿ ಮಲಗೋದು, ಮೊಮ್ಮಗು ಎದ್ದು ನೋಡಿ ಹೆದರೋದು, ಅದೆಲ್ಲ ತಪ್ಪಿತು. ಆ ನೆಮ್ಮದಿಗೂ ಬೆಲೆ ಇದೆ. ಎಲ್ಲರೂ ಅಗ್ಗದ್ದೇ ನೋಡಿ ಅಂತ ಸಲಹೆ ಕೊಡಬೇಡಿ.

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 12
ಜಾನಕಿ ಅಮ್ಮ, ನಿಮ್ಮ ಮಾತಲ್ಲಿ ಸತ್ಯ ಇದೆ. ಫಿಕ್ಸ್ ಹಲ್ಲು ಕೆಟ್ಟದ್ದು ಅಂತ ನಾನು ಹೇಳಿಲ್ಲ. ಒಂದೇ ಯೋಚನೆ: ಅದರ ಅಡಿ ದಿನಾ ಸಣ್ಣ ಬ್ರಷ್ ಹಾಕಿ, ನೀರು ಚಿಮ್ಮಿಸಿ ಶುಚಿ ಮಾಡ್ಬೇಕು. 63ರಲ್ಲಿ ಆಗುತ್ತೆ. 80ರಲ್ಲಿ ಕೈ ನಡುಗಿದ್ರೆ, ಕಣ್ಣು ಮಂಜಾದ್ರೆ? ಶುಚಿ ಇಲ್ಲದಿದ್ರೆ ಇಂಪ್ಲಾಂಟ್ ಸುತ್ತ ವಸಡು ಊದಿ, ಮೂಳೆ ಕರಗಿ, ಗಟ್ಟಿ ಇದ್ದದ್ದೂ ಸಡಿಲ ಆಗುತ್ತೆ. ತೆಗೆದು ತೊಳೆಯೋ ಸೆಟ್ಟನ್ನ ಸೊಸೆಯೋ ಮೊಮ್ಮಗಳೋ ತೊಳೆದು ಕೊಡಬಹುದು.

ಜಯನಗರ_ಜಾನಕಿ · ಜನವರಿ 12
80ರ ಮಾತು ಒಪ್ಪಿದೆ. ನನ್ನ ಡಾಕ್ಟ್ರು ಇದನ್ನ ಹೇಳಿರಲಿಲ್ಲ. ಮುಂದಿನ ಸಲ ಹೋದಾಗ ಕೇಳ್ತೀನಿ.

ಮಂಡ್ಯದ_ಮಹದೇವ · ಜನವರಿ 13
ಕೆಟ್ಟದ್ದೂ ಒಂದು ಕೇಳ್ಕಳಿ. ನಮ್ಮಪ್ಪಂಗೆ ನಾಕು ಹಾಕ್ಸುದ್ವಿ, ಎರಡು ಆರೇ ತಿಂಗ್ಳಿಗೆ ಅಲ್ಲಾಡಿ ಬಿದ್ದೋದೊ. ದಿನಕ್ಕೆ ಒಂದು ಕಟ್ಟು ಬೀಡಿ ಸೇದೋರು. ಹಾಕ್ದೋರು ಬೀಡಿ ವಿಷ್ಯ ಕೇಳ್ಲೇ ಇಲ್ಲ, ನಾವೂ ಹೇಳ್ಲಿಲ್ಲ. ಯಾವ ಕಂಪನಿ ಸ್ಕ್ರೂ ಅಂತ ಕೇಳುದ್ರೆ ಚೀಟಿ ಇಲ್ಲ, ಬಿಲ್ಲಲ್ಲೂ ಇಲ್ಲ. ಬ್ಯಾರೆ ಕಡೆ ಹೋದಾಗ ಅವರಿಗೆ ಅದರ ಭಾಗ ಯಾವ್ದು ಕೂರುತ್ತೆ ಅಂತ ಗೊತ್ತಾಗ್ದೆ ಒದ್ದಾಡುದ್ರು. ಒಂದೂಕಾಲು ಲಕ್ಷ ನೀರಲ್ಲಿ ಹೋಯ್ತು. ಅಪ್ಪ ಇವತ್ತಿಗೂ ನನ್ ಮುಂದೆ ಆ ಮಾತು ಎತ್ತಲ್ಲ, ಅದೇ ಹೆಚ್ಚು ಸಂಕಟ.

ಅಕ್ರಿಲಿಕ್_ಅಣ್ಣ · ಜನವರಿ 13
ಮಹದೇವಣ್ಣ ಹೇಳಿದ ಚೀಟಿ ಬಹಳ ಮುಖ್ಯ. ಪ್ರತಿ ಇಂಪ್ಲಾಂಟ್ ಡಬ್ಬಿ ಜೊತೆ ಸ್ಟಿಕ್ಕರ್ ಬರುತ್ತೆ, ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಇರುತ್ತೆ. ಅದನ್ನ ನಿಮ್ಮ ಕಾರ್ಡಿಗೆ ಅಂಟಿಸಿ ಕೊಡಿ ಅಂತ ಕೇಳಿ ಪಡೀರಿ. ಸ್ಟ್ರಾಮನ್, ನೋಬೆಲ್ ಬಯೋಕೇರ್, ಆಸ್ಟೆಮ್, ಯಾವುದೇ ಇರಲಿ, ಹೆಸರು ಗೊತ್ತಿದ್ರೆ ಹತ್ತು ವರ್ಷದ ನಂತರವೂ ಅದಕ್ಕೆ ಹೊಂದೋ ಭಾಗ ಹುಡುಕಬಹುದು.

ನಾನು ಹುಬ್ಬಳ್ಳಿಯಲ್ಲಿ ಡೆಂಟಲ್ ಲ್ಯಾಬ್‌ನಲ್ಲಿ 22 ವರ್ಷದಿಂದ ಸೆಟ್ಟು ಮಾಡ್ತಿದೀನಿ. ಡಾಕ್ಟರ್ ಮೇಡಂಗೆ ಒಂದು ವಿಷಯದಲ್ಲಿ ನನ್ನ ತಕರಾರಿದೆ. ಇಂಪ್ಲಾಂಟ್ ಮಾತು ಆಮೇಲೆ, ಮೊದಲು ಆ ಸೆಟ್ಟು ಹೇಗೆ ಮಾಡಿದ್ರು ಅಂತ ಯಾರೂ ಕೇಳಿಲ್ಲ. ಸರಿಯಾದ ಸೆಟ್ಟಿಗೆ ಐದು ಸಲ ಕೂರಿಸ್ಬೇಕು: ಮೊದಲ ಅಳತೆ, ಆಮೇಲೆ ಅವರ ಬಾಯಿಗೇ ಮಾಡಿದ ತಟ್ಟೆಯಲ್ಲಿ ಎರಡನೇ ಅಳತೆ, ಕಚ್ಚಿಸಿ ಎತ್ತರ ನೋಡೋದು, ಮೇಣದ ಮೇಲೆ ಹಲ್ಲು ಜೋಡಿಸಿ ಟ್ರಯಲ್, ಕೊನೆಗೆ ಹಾಕೋದು. ನಮ್ಮ ಲ್ಯಾಬಿಗೆ ಎರಡೇ ಸಲಕ್ಕೆ ಮುಗಿಸಿದ ಕೆಲಸಗಳೂ ಬರ್ತವೆ. ಅಂಚು ಎಲ್ಲಿ ನಿಲ್ಲಬೇಕು ಅಂತ ಅಳತೆಯಲ್ಲಿ ಬರದಿದ್ರೆ ನಾನು ಊಹೆ ಮೇಲೆ ಮಾಡ್ಬೇಕು. ಅಂಥ ಸೆಟ್ಟಿಗೆ ಎರಡು ಬಟನ್ ಹಾಕಿದ್ರೂ ಅದು ಬಟನ್ ಹಾಕಿದ ಕೆಟ್ಟ ಸೆಟ್ಟೇ.

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 13
ಅಣ್ಣ, ಪೂರ್ತಿ ಒಪ್ಪಿದೆ. ನಾನೇ ಮೊದಲು ಕೇಳಬೇಕಿತ್ತು. ಶಿರಸಿಯವರೇ, ಎಷ್ಟು ಸಲ ಕೂರಿಸಿದ್ರು?

ಶಿರಸಿ_ಮಗಳು · ಜನವರಿ 13
ಆಯಿ ಹತ್ತಿರ ಕೇಳಿದೆ. ಎರಡು ಸಲ. ಮೇಣದ ಟ್ರಯಲ್ ಅನ್ನೋದು ಆಗಲೇ ಇಲ್ಲ. ನಮಗೆ ಅದು ಇರುತ್ತೆ ಅಂತಲೇ ಗೊತ್ತಿರಲಿಲ್ಲ.

ಅಕ್ರಿಲಿಕ್_ಅಣ್ಣ · ಜನವರಿ 13
ಅಂದ್ಕೊಂಡೆ. ಅರ್ಥಧಾರಿಗಳಿಗಂತೂ ಆ ಟ್ರಯಲ್ಲೇ ಪ್ರಾಣ. ತ, ದ, ನ ಅನ್ನೋವಾಗ ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲಿನ ಹಿಂಬದಿಗೆ ತಾಗಬೇಕು, ಅದಕ್ಕೇ ವ್ಯಾಕರಣದಲ್ಲಿ ಅವನ್ನ ದಂತ್ಯ ಅನ್ನೋದು. ವ ಅನ್ನೋವಾಗ ಕೆಳತುಟಿ ಮೇಲಿನ ಹಲ್ಲಿನ ತುದಿಗೆ ತಾಗುತ್ತೆ. ಹಲ್ಲು ಎರಡು ಮಿಲಿಮೀಟರ್ ಹಿಂದೆ ಮುಂದೆ ಆದ್ರೂ ಮಾತು ತೊದಲುತ್ತೆ, ಸ ಅನ್ನೋಕೆ ಹೋದ್ರೆ ಸೀಟಿ ಹೊಡೀತದೆ. ಮೇಣದಲ್ಲಿದ್ದಾಗ ಹಲ್ಲು ಸರಿಸೋದು ಎರಡು ನಿಮಿಷದ ಕೆಲಸ, ಅಕ್ರಿಲಿಕ್ ಆದ ಮೇಲೆ ಆಗಲ್ಲ. ಟ್ರಯಲ್ ದಿನ ನಿಮ್ಮ ಅಪ್ಪನ ಕೈಲಿ ಕೃಷ್ಣನ ನಾಲ್ಕು ಮಾತು ಹೇಳಿಸಿ, ಡಾಕ್ಟರ್ ಎದುರಲ್ಲೇ.

ಕುಂದಾಪುರ_ಕಡಲು · ಜನವರಿ 13
ದಂತ್ಯದ ವಿಚಾರ ಓದಿ ರೋಮಾಂಚನ ಆಯ್ತು. ನಮ್ಮ ಕಡೆ ಮೇಳದ ಹಳೇ ವೇಷಧಾರಿಯೊಬ್ಬರು ಹಲ್ಲು ಹೋದ ಮೇಲೆ ಕುಣಿತ ಇಟ್ಟುಕೊಂಡು ಮಾತು ಕಡಿಮೆ ಮಾಡಿದ್ರು. ತಾಳಮದ್ದಲೆಯಲ್ಲಿ ಆ ದಾರಿ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಮಾತೊಂದೇ.

ಸಂಜೆ_ಸಂಪಿಗೆ · ಜನವರಿ 14
ಎಲ್ಲರಿಗೂ ಎಳ್ಳು ಬೆಲ್ಲ. ಎಳ್ಳು ಅಂದ ತಕ್ಷಣ ನೆನಪಾಯ್ತು, ನಮ್ಮಮ್ಮ ಸೆಟ್ಟು ಹಾಕಿದ ಮೇಲೆ ಸಂಕ್ರಾಂತಿಗೆ ಎಳ್ಳು ಮುಟ್ಟಲ್ಲ. ಒಂದು ಕಾಳು ಅಡಿಗೆ ಸೇರಿದ್ರೆ ಮುಳ್ಳು ಚುಚ್ಚಿದ ಹಾಗಂತೆ. ಸೀಬೆಹಣ್ಣೂ ಹಾಗೇ.

ಕೇಳಬೇಕಾಗಿದ್ದು ಬೇರೆ. ಅಮ್ಮನಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಹಾಕ್ತಾರೆ. ಅವರಿಗೂ ಇಂಪ್ಲಾಂಟ್ ಆಗಬಹುದಾ?

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 14
ತಡೀರಿ, ಅವಸರ ಬೇಡ. ವರ್ಷಕ್ಕೊಮ್ಮೆ ಕೊಡೋ ಡ್ರಿಪ್ ಸಾಮಾನ್ಯವಾಗಿ ಜೊಲೆಡ್ರಾನಿಕ್ ಆ್ಯಸಿಡ್. ವಾರಕ್ಕೊಮ್ಮೆ ನುಂಗೋ ಅಲೆಂಡ್ರೊನೇಟ್ ಮಾತ್ರೆಯೂ ಅದೇ ಬಳಗ. ಇವನ್ನ ತಗೊಂಡವರಿಗೆ ದವಡೆಯಲ್ಲಿ ಗಾಯ ಮಾಡಿದ್ರೆ ಅಪರೂಪಕ್ಕೆ ಮೂಳೆ ಮಾಯದೆ ಸತ್ತು ಹೊರಗೆ ಕಾಣೋ ಹಾಗಾಗುತ್ತೆ. ಕ್ಯಾನ್ಸರ್‌ಗೆ ದೊಡ್ಡ ಪ್ರಮಾಣದಲ್ಲಿ ತಗೊಂಡವರಲ್ಲಿ ಆ ಅಪಾಯ ಇನ್ನೂ ಜಾಸ್ತಿ. ಆಗಲ್ಲ ಅಂತ ನಾನು ಹೇಳ್ತಿಲ್ಲ. ಮೂಳೆ ಡಾಕ್ಟ್ರು, ಹಲ್ಲಿನ ಡಾಕ್ಟ್ರು ಇಬ್ಬರೂ ಮಾತಾಡಿ ತೀರ್ಮಾನಿಸಬೇಕು. ಡ್ರಿಪ್ ಹಾಕಿಸ್ತಿರೋ ವಿಷಯ ಮಾತ್ರ ಮುಚ್ಚಿಡಬೇಡಿ. ರಕ್ತ ತೆಳು ಮಾಡೋ ಮಾತ್ರೆಯೂ ಅಷ್ಟೇ, ಹೇಳಿ, ಆದ್ರೆ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ.

ಡಲ್ಲಾಸ್_ದತ್ತ · ಜನವರಿ 15
ಇಲ್ಲಿ ಅಮೆರಿಕದಲ್ಲಿ ಒಂದೇ ಹಲ್ಲಿಗೆ, ಕ್ಯಾಪ್ ಸೇರಿ, ನನಗೆ 4,200 ಡಾಲರ್ ಹೇಳಿದ್ರು. ರಜೆಗೆ ಮೈಸೂರಿಗೆ ಬಂದಾಗ 38 ಸಾವಿರಕ್ಕೆ ಆಯ್ತು. ಆದ್ರೆ ಮೂರು ವಾರದ ರಜೆಯಲ್ಲಿ ಮುಗಿಯೋ ಕೆಲಸ ಅಲ್ಲ ಇದು. ಒಂದು ಸಲ ಸ್ಕ್ರೂ, ಮತ್ತೆ ಎಂಟು ತಿಂಗಳಿಗೆ ಬಂದಾಗ ಕ್ಯಾಪ್. ಇಲ್ಲಿರೋ ಕನ್ನಡಿಗರು ಹೊರಡೋ ಮುಂಚೆ ಇದನ್ನ ಲೆಕ್ಕ ಹಾಕ್ಕೊಳ್ಳಿ.

ತುಮಕೂರು_ತೇಜು · ಜನವರಿ 15
ಮೂರೇ ದಿನದಲ್ಲಿ ಫಿಕ್ಸ್ ಹಲ್ಲು ಅಂತ ಜಾಹೀರಾತು ಬರುತ್ತಲ್ಲ, ಅದು ಹೇಗೆ ಮತ್ತೆ?

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 15
ಇಂಪ್ಲಾಂಟ್ ಸ್ಕ್ರೂ ಟೈಟೇನಿಯಂ ಲೋಹದ್ದು. ಮೂಳೆ ಅದಕ್ಕೆ ಬೆಸೆದುಕೊಳ್ಳೋಕೆ ತಿಂಗಳುಗಳೇ ಬೇಕು, ಅದನ್ನ ಯಾರೂ ಅವಸರ ಮಾಡೋಕಾಗಲ್ಲ. ಹಾಕೋ ದಿನವೇ ಸ್ಕ್ರೂ ಬಿಗಿಯಾಗಿ ಕಚ್ಚಿಕೊಂಡಿದ್ರೆ, ಹಲವು ಇಂಪ್ಲಾಂಟ್‌ಗಳನ್ನ ಒಂದಕ್ಕೊಂದು ಜೋಡಿಸಿ, ಅದರ ಮೇಲೆ ಬೇಗ ಹಲ್ಲು ಕೂರಿಸಬಹುದು. ಜಾನಕಿ ಅಮ್ಮನ ಆಲ್ ಆನ್ ಫೋರ್‌ನಲ್ಲೂ ತಾತ್ಕಾಲಿಕ ಹಲ್ಲು ಅವತ್ತೇ ಕೊಟ್ಟಿರ್ತಾರೆ. ಬೇಸಲ್ ಇಂಪ್ಲಾಂಟ್ ಅಂತ ಇನ್ನೊಂದು ಜಾತಿ ಇದೆ, ದವಡೆಯ ಆಳದ ಗಟ್ಟಿ ಮೂಳೆಗೆ ಹೋಗಿ ಕಚ್ಚೋದು. ಅದರ ಬಗ್ಗೆ ನಮ್ಮ ವೃತ್ತಿಯಲ್ಲೇ ಭಿನ್ನಾಭಿಪ್ರಾಯ ಇದೆ. ನಾನು ಮಾಡಲ್ಲ. ಕೆಟ್ಟರೆ ತೆಗೆಯೋದು ಕಷ್ಟ ಅನ್ನೋದು ನನ್ನ ಹೆದರಿಕೆ.

ಚರಿತ್ರೆ_ಚಪಲ · ಜನವರಿ 15
ಬೆಸೆದುಕೊಳ್ಳೋದು ಅಂದ್ರಲ್ಲ, ಅದು ಗೊತ್ತಾಗಿದ್ದೇ ಒಂದು ಒಳ್ಳೇ ಕಥೆ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ನೋಡೋಕೆ ಟೈಟೇನಿಯಂನ ಪುಟ್ಟ ಸಾಧನ ಕೂರಿಸಿದ್ರು. ಪ್ರಯೋಗ ಮುಗಿದ ಮೇಲೆ ತೆಗೆಯೋಕೆ ಹೋದ್ರೆ ಬರಲೇ ಇಲ್ಲ, ಮೂಳೆ ಹಿಡಿದುಬಿಟ್ಟಿತ್ತು. ಅವರು ಹಲ್ಲಿನ ಡಾಕ್ಟ್ರೇ ಅಲ್ಲ. 1965ರಲ್ಲಿ ಗೋಸ್ಟಾ ಲಾರ್ಸನ್ ಅನ್ನೋರ ಕೆಳ ದವಡೆಗೆ ನಾಲ್ಕು ಇಂಪ್ಲಾಂಟ್ ಹಾಕಿದ್ರು. ಲಾರ್ಸನ್ 2006ರಲ್ಲಿ ತೀರಿಕೊಳ್ಳೋವರೆಗೂ ಅವು ಬಾಯಲ್ಲೇ ಇದ್ವು. ನಲವತ್ತು ವರ್ಷ ದಾಟಿ!

ಅರವತ್ತಾರರ_ಮೇಷ್ಟ್ರು · ಜನವರಿ 15
ಇದು ಗೊತ್ತಿರಲಿಲ್ಲ. ಸ್ಕ್ರೂ ಹೊಡೆಸೋದು ಅಂತ ಹಗುರವಾಗಿ ಬರೆದೆ, ಆ ಮಾತು ವಾಪಸ್ ತಗೋತೀನಿ.

ತೋಟದ_ಮನೆ · ಜನವರಿ 16
ಅಡಿಕೆ ಮಾತು ಬಂದಲ್ಲೆಲ್ಲ ಅದನ್ನೇ ಅಪರಾಧಿ ಮಾಡ್ತೀರಿ. ನಮ್ಮಜ್ಜ 88ರವರೆಗೆ ಕವಳ ಹಾಕಿದ್ರು, ಬಾಯಿ ಚೆನ್ನಾಗೇ ಇತ್ತು. ಇದು ನಮ್ಮ ಜೀವನಾಧಾರ, ಸ್ವಲ್ಪ ಯೋಚಿಸಿ ಬರೀರಿ.

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಜನವರಿ 16
ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯೂ ಅಡಿಕೆ ಸೀಮೆಯೇ, ಬೆಳೆಗಾರರ ಕಷ್ಟ ನನಗೆ ಗೊತ್ತು. ಆದ್ರೆ ತಂಬಾಕು ಸೇರಿಸದಿದ್ರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕೆನ್ನೆ ಒಳಗೆ ನಾರು ಕಟ್ಟಿ ಬಾಯಿ ಎರಡು ಬೆರಳೂ ತೆಗೆಯೋಕಾಗದ ಹುಡುಗರು ಪ್ರತಿ ವಾರ ಬರ್ತಾರೆ. ಬಾಯಿ ತೆಗೆಯದಿದ್ರೆ ಅಳತೆ ತಟ್ಟೆಯೇ ಒಳಗೆ ಹೋಗಲ್ಲ, ಇಂಪ್ಲಾಂಟ್ ಡ್ರಿಲ್ ಹೇಗೆ ಹೋಗುತ್ತೆ? ಅದಕ್ಕೇ ಕೇಳಿದ್ದು.

ತೋಟದ_ಮನೆ · ಜನವರಿ 16
ಆ ಹುಡುಗರು ಹಾಕೋದು ಗುಟ್ಕಾ. ಕವಳಕ್ಕೂ ಅದಕ್ಕೂ ವ್ಯತ್ಯಾಸ ಇಲ್ವಾ?

ನಿರ್ವಾಹಕ · ಜನವರಿ 16
ಅಡಿಕೆ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಹಲ್ಲಿನ ಮಾತು ಮುಂದುವರಿಯಲಿ.

ಹಳೇಬೀಡು_ಹರಿ · ಜನವರಿ 17
ಖರ್ಚಿನ ಬಗ್ಗೆ ಒಂದು ಮಾತು. ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಧಾರವಾಡದ ಎಸ್‌ಡಿಎಂ, ದಾವಣಗೆರೆಯ ಬಾಪೂಜಿ, ಮಣಿಪಾಲ, ಮೈಸೂರಿನ ಜೆಎಸ್‌ಎಸ್, ನಮ್ಮ ರಾಜ್ಯದಲ್ಲಿ ಕಾಲೇಜಿಗೇನೂ ಬರ ಇಲ್ಲ. ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಗಾವಲಲ್ಲಿ ಮಾಡ್ತಾರೆ. ಸಮಯ ಹಿಡಿಯುತ್ತೆ, ಆದ್ರೆ ಹಂತ ಬಿಡಲ್ಲ, ಯಾಕಂದ್ರೆ ಪ್ರತಿ ಹಂತಕ್ಕೂ ಅವರು ಸಹಿ ಹಾಕಿಸ್ಕೋಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸೆಟ್ಟು ಉಚಿತವಾಗಿ ಕೊಡೋ ದಂತ ಭಾಗ್ಯ ಅಂತ ಸರ್ಕಾರದ ಯೋಜನೆ ಬಂತು, ಜಿಲ್ಲಾಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಕೇಳಿ ನೋಡಿ. ಆರೋಗ್ಯ ವಿಮೆ ನಂಬ್ಕೊಂಡು ಕೂರಬೇಡಿ, ಅಪಘಾತದಲ್ಲಿ ಹೋದ ಹಲ್ಲು ಬಿಟ್ರೆ ಹೆಚ್ಚಿನ ಪಾಲಿಸಿಗಳು ಹಲ್ಲಿಗೆ ಕೊಡಲ್ಲ.

ಶಿರಸಿ_ಮಗಳು · ಫೆಬ್ರವರಿ 2
ತಡವಾಯ್ತು, ಕ್ಷಮಿಸಿ. ಅಪ್ಪಯ್ಯನ್ನ ಒಪ್ಪಿಸೋಕೇ ಎರಡು ವಾರ ಹಿಡೀತು. "ಎರಡೇ ಸ್ಕ್ರೂ" ಅಂದಾಗ ಸ್ವಲ್ಪ ಮೆತ್ತಗಾದ್ರು. ದಂತ್ಯದ ಮಾತು ಓದಿ ಹೇಳಿದೆ, "ಇದನ್ನ ಬರೆದವರು ಯಾರು?" ಅಂತ ಎರಡು ಸಲ ಕೇಳಿದ್ರು.

ಹುಬ್ಬಳ್ಳಿ ಧಾರವಾಡ ಕಡೆಯ ಒಂದು ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದೆ. ಮೂರು ಬೆರಳು ಹೋಗುತ್ತೆ, ಅದೊಂದು ಸಮಾಧಾನ. ಸಿಬಿಸಿಟಿ ಅಂತ ದವಡೆಯ 3ಡಿ ಸ್ಕ್ಯಾನ್ ಮಾಡಿದ್ರು. ಹಿಂಬದಿಯಲ್ಲಿ ಮೂಳೆ ನರದ ಹತ್ತಿರದವರೆಗೂ ಸವೆದಿದೆ, ಮುಂದೆ ಚೆನ್ನಾಗಿದೆ ಅಂದ್ರು. ಆದ್ರೆ ಎಚ್‌ಬಿಎ1ಸಿ 9.1. ಈಗ ಮಾಡಲ್ಲ, ಶುಗರ್ ಇಳಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ನನಗೆ ಅಳು ಬಂತು. ಅಪ್ಪಯ್ಯ ಬಸ್ಸಲ್ಲಿ ಮಾತೇ ಆಡಲಿಲ್ಲ.

ರೊಟ್ಟಿ_ಬುತ್ತಿ · ಫೆಬ್ರವರಿ 2
ವಾಪಸ್ ಕಳಿಸ್ಯಾರಂದ್ರ ಛಲೋ ಮಂದಿ ಸಿಕ್ಕಾರ ಅಂತ ತಿಳ್ಕೋರಿ ತಂಗಿ. ರೊಕ್ಕ ತಗೊಂಡು ಹಾಕಿಬಿಡೋರೂ ಇರ್ತಾರ.

ಮಂಡ್ಯದ_ಮಹದೇವ · ಫೆಬ್ರವರಿ 2
ನಮ್ಗೆ ಯಾರಾದ್ರೂ ಹಿಂಗೆ ವಾಪಸ್ ಕಳ್ಸಿದ್ರೆ ಆಗಿತ್ತು. ಬೇಜಾರ್ ಮಾಡ್ಕೋಬೇಡಿ ಅಕ್ಕ.

ಹಲ್ಲಿನ_ಡಾಕ್ಟ್ರು_ದಾವಣಗೆರೆ · ಫೆಬ್ರವರಿ 3
ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ, ಒಂದು ವಾರ ಪಥ್ಯ ಮಾಡಿದ್ರೆ ಇಳಿಯಲ್ಲ. 7ರ ಆಸುಪಾಸಿಗೆ ಬಂದ್ರೆ ಧೈರ್ಯವಾಗಿ ಮುಂದುವರೀಬಹುದು. ಇನ್ನೊಂದು ಗಮನಿಸಿ: ಅಗಿಯೋಕಾಗದೆ ಬರೀ ಅನ್ನ ನುಂಗ್ತಾ ಇದ್ರೆ ಶುಗರ್ ಏರೋದು ಸಹಜ. ಕಾಳು, ತರಕಾರಿ ಮೆತ್ತಗೆ ಬೇಯಿಸಿ ಕೊಡಿ. ಅಲ್ಲಿವರೆಗೆ ಹಳೇ ಸೆಟ್ಟಿಗೆ ಒಳಗಡೆ ಮೆತ್ತನೆ ಪದರ ಹಾಕಿಸಿ, ಹುಣ್ಣು ಕಡಿಮೆಯಾಗುತ್ತೆ. ರಾತ್ರಿ ತೆಗೆದು ತಣ್ಣೀರಲ್ಲಿಡಲಿ. ಕುದಿ ನೀರು ಹಾಕಬೇಡಿ, ಅಕ್ರಿಲಿಕ್ ಸೊಟ್ಟಗಾಗುತ್ತೆ.

ಶಿರಸಿ_ಮಗಳು · ಮೇ 6
ಎಚ್‌ಬಿಎ1ಸಿ 7.3! ಆಯಿ ಅವಲಕ್ಕಿಗೆ ಸಕ್ಕರೆ ಹಾಕೋದು ನಿಲ್ಲಿಸಿ, ಸಂಜೆ ತೋಟದ ತುದಿವರೆಗೆ ನಡೆಸಿದ್ಲು. ಅಡಿಕೆ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ಒಂದು ಸಲಕ್ಕೆ ಬಂದಿದೆ.

ಮೊನ್ನೆ ಎರಡೂ ಇಂಪ್ಲಾಂಟ್ ಹಾಕಿದ್ರು. ಮುಕ್ಕಾಲು ಗಂಟೆ. ಮರುದಿನ ಕೆನ್ನೆ ಊದಿತ್ತು, ಮೂರನೇ ದಿನಕ್ಕೆ ಇಳೀತು. ಸ್ಟಿಕ್ಕರ್ ಇರೋ ಕಾರ್ಡು ಕೇಳಿ ತಗೊಂಡೆ ಮಹದೇವಣ್ಣ. ಎರಡು ಇಂಪ್ಲಾಂಟ್, ಬಟನ್, ಮೇಲೆ ಕೆಳಗೆ ಹೊಸ ಸೆಟ್, ಎಲ್ಲ ಸೇರಿ 62 ಸಾವಿರ. ಇನ್ನು ಮೂರು ತಿಂಗಳು ಕಾಯಬೇಕು.

ಕುಂದಾಪುರ_ಕಡಲು · ಮೇ 6
ಮೂರು ತಿಂಗಳು ಅಂದ್ರೆ ಆಗಸ್ಟ್. ಮಳೆಗಾಲದ ಕೂಟ ಇನ್ನೂ ಇರುತ್ತೆ!

ಶಿರಸಿ_ಮಗಳು · ಆಗಸ್ಟ್ 24
ಮೇಣದ ಟ್ರಯಲ್ ದಿನ ಅಪ್ಪಯ್ಯ ಡಾಕ್ಟ್ರ ಕುರ್ಚಿಯಲ್ಲಿ ಕೂತು ಕೃಷ್ಣನ ಮಾತು ಶುರುಮಾಡಿದ್ರು. ನಾಲ್ಕು ಮಾತು ಅಂದ್ಕೊಂಡಿದ್ವಿ, ಹತ್ತು ನಿಮಿಷ ಹೇಳಿದ್ರು. ಪಿಜಿ ಹುಡುಗಿ ಬಂಟ್ವಾಳದವಳಂತೆ, ಅವಳು ಎದುರು ನಿಂತು ಕೇಳ್ತಾ "ಅಜ್ಜ, ಸ ಸ್ವಲ್ಪ ಸೀಟಿ ಬರ್ತಿದೆ" ಅಂತ ಮುಂದಿನ ಎರಡು ಹಲ್ಲು ಸರಿಸಿದ್ಲು. ಸೀಟಿ ಹೋಯ್ತು. ಅಕ್ರಿಲಿಕ್ ಅಣ್ಣ, ನೀವು ಅವತ್ತು ಅಲ್ಲಿರಬೇಕಿತ್ತು.

ಸೆಟ್ಟು ಕೈಗೆ ಬಂದು ಎರಡು ವಾರ. ಊಟ ಮಾಡುವಾಗ ಜೇಬಿಗೆ ಹೋಗ್ತಾ ಇಲ್ಲ. ನಿನ್ನೆ ರಾತ್ರಿ ನಮ್ಮೂರ ದೇವಸ್ಥಾನದಲ್ಲಿ ಕೂಟ ಇತ್ತು. ಕೃಷ್ಣ ಬೇಡ, ಸಣ್ಣದು ಕೊಡಿ ಅಂತ ಕೇಳಿ ವಿದುರನ ಅರ್ಥ ಹೇಳಿದ್ರು. ಆಯಿ ಫೋನ್ ಹಿಡಿದು ಕೂತು ನನಗೆ ಪೂರ್ತಿ ಕೇಳಿಸಿದ್ಲು. ಮಳೆ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಆದ್ರೆ ಮಾತು ಎಲ್ಲೂ ನಿಲ್ಲಲಿಲ್ಲ.

ಒಂದೇ ತೊಂದರೆ. ರಾತ್ರಿ ಕೆಳಗಿನದನ್ನ ತೆಗೆಯೋಕೆ ಬಹಳ ಬಿಗಿ, ಬೆರಳಿಗೆ ಶಕ್ತಿ ಸಾಲ್ತಿಲ್ಲ ಅಂತಾರೆ. ಏನು ಮಾಡೋದು?

ಅಕ್ರಿಲಿಕ್_ಅಣ್ಣ · ಆಗಸ್ಟ್ 24
ಕಣ್ಣು ಒದ್ದೆ ಆಯ್ತು ತಂಗಿ. ಸೆಟ್ಟಿನ ಒಳಗಿರೋ ನೈಲಾನ್ ಬಣ್ಣ ಯಾವುದು ನೋಡಿ ಹೇಳಿ, ಬಿಳಿಯಾ ಗುಲಾಬಿಯಾ?

ಶಿರಸಿ_ಮಗಳು · ಆಗಸ್ಟ್ 25
ಬಿಳಿ.

ಅಕ್ರಿಲಿಕ್_ಅಣ್ಣ · ಆಗಸ್ಟ್ 25
ಲೊಕೇಟರ್ ಅನ್ನೋ ಥರದ ಬಟನ್ ಆಗಿದ್ರೆ ಬಿಳಿಯೇ ಹೆಚ್ಚು ಬಿಗಿ, ಗುಲಾಬಿ ಅದಕ್ಕಿಂತ ಸಡಿಲ, ನೀಲಿ ಇನ್ನೂ ಸಡಿಲ. ಮುಂದಿನ ಸಲ ಹೋದಾಗ ಗುಲಾಬಿ ಹಾಕಿಸಿ, ಐದು ನಿಮಿಷದ ಕೆಲಸ. ಅಲ್ಲಿವರೆಗೆ ಎರಡೂ ಹೆಬ್ಬೆರಳ ಉಗುರು ಸೆಟ್ಟಿನ ಅಂಚಿಗೆ ಕೊಟ್ಟು, ಎಡ ಬಲ ಒಟ್ಟಿಗೆ ಮೇಲಕ್ಕೆ ಎತ್ತಲಿ. ಒಂದೇ ಕಡೆಯಿಂದ ಎಳೀಬಾರದು, ನೈಲಾನ್ ಬೇಗ ಹರಿಯುತ್ತೆ.

ರೊಟ್ಟಿ_ಬುತ್ತಿ · ಆಗಸ್ಟ್ 25
ನಮ್ಮವ್ವಗೂ ಗುಲಾಬಿನ ಐತ್ರಿ. ಮುಂದಿನ ಕೂಟ ಎಂದೈತಿ ಹೇಳ್ರಿ, ಧಾರವಾಡದಿಂದ ಶಿರಸಿ ಏನ್ ದೂರ ಅಲ್ಲ.